ಕೊಪ್ಪಕ್ಕೆ ಕಾಫಿ ಮಷಿನ್ ತರಲಾ?

ಪ್ರಿಯ ರಾಘು,

ಡಿಸೆಂಬರಿನಲ್ಲಿ ಬರುವಾಗ ಫ್ಲಾಸ್ಕ್ ಇರುವ ಕಾಫಿ ಮಷಿನ್ ಒಂದು ತಂದುಕೊಡು, ದುಡ್ಡು ಎಷ್ಟಾದರೂ ಪರವಾಗಿಲ್ಲ ಅಂತ ಬರೆದಿದ್ದೀಯ. ಹೋಂಸ್ಟೇಗೆ ಬಂದವರಲ್ಲಿ ಒಬ್ಬರು ಐದೂವರೆಗೆ ಏಳುತ್ತಾರೆ, ಇನ್ನೊಬ್ಬರು ಎಂಟಕ್ಕೆ. ಎಲ್ಲರಿಗೂ ಬ್ಲ್ಯಾಕ್ ಕಾಫಿ ಬೇಕು, ಅತ್ತಿಗೆಗೆ ಒಲೆ ಬಿಟ್ಟು ಈಚೆ ಬರಲಿಕ್ಕೇ ಆಗುತ್ತಿಲ್ಲ ಅಂತಲೂ ಬರೆದಿದ್ದೀಯ. ಮಷಿನ್ ತರುವುದಿಲ್ಲ ಮಾರಾಯ. ಸಿಟ್ಟು ಮಾಡಬೇಡ, ಕಾರಣ ಹೇಳುತ್ತೇನೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ. ಆಳುಗಳ ಲೆಕ್ಕ ಮುಗಿಸಿ ಕೂತು ಓದು.

ಮೊದಲು ಕರೆಂಟಿನ ವಿಷಯ. ಇಲ್ಲಿ ಅಮೆರಿಕದಲ್ಲಿ ಮನೆಗೆ ಬರುವುದು 120 ವೋಲ್ಟ್, ನಿಮ್ಮಲ್ಲಿ 230. ಮೊಬೈಲ್ ಚಾರ್ಜರ್ ಎರಡಕ್ಕೂ ಹೊಂದಿಕೊಳ್ಳುತ್ತದೆ. ನೀರು ಕಾಯಿಸುವ ಮಷಿನ್ ಹಾಗಲ್ಲ. ವೋಲ್ಟೇಜ್ ಎರಡರಷ್ಟಾದರೆ ಕಾಯಿಲ್ ಎಳೆಯುವ ಶಕ್ತಿ ನಾಲ್ಕರಷ್ಟಾಗುತ್ತದೆ. ಅಂದರೆ ಇಲ್ಲಿಂದ ತಂದದ್ದನ್ನು ಅಲ್ಲಿ ನೇರ ಪ್ಲಗ್ಗಿಗೆ ಹಾಕಿದರೆ ಸುಟ್ಟ ವಾಸನೆ ಬರುತ್ತದೆ, ಕಾಫಿ ಬರುವುದಿಲ್ಲ. ನಡುವೆ ಟ್ರಾನ್ಸ್‌ಫಾರ್ಮರ್ ಇಡಬಹುದು. ಆದರೆ ಸಾವಿರ, ಸಾವಿರದೈನೂರು ವ್ಯಾಟ್ ಹೊರುವ ಟ್ರಾನ್ಸ್‌ಫಾರ್ಮರ್ ಎತ್ತಲಿಕ್ಕೇ ಒಬ್ಬ ಆಳು ಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ನಿಮ್ಮಲ್ಲಿ ಮತ್ತೆ ಯಾವಾಗ ಬರುತ್ತದೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಮನೆಯ ಯುಪಿಎಸ್‌ನಲ್ಲಿ ನಾಲ್ಕು ಲೈಟು, ಎರಡು ಫ್ಯಾನು ಓಡಿಸಬಹುದು, ಇದನ್ನು ಓಡಿಸಲಾಗದು.

ಅಲ್ಲೇ 230 ವೋಲ್ಟಿನದು ಕೊಳ್ಳುತ್ತೇನೆ ಅನ್ನಬಹುದು. ಕೊಳ್ಳು. ಆದರೆ ಅದಕ್ಕೂ ಮೊದಲು ಈ ಮಷಿನ್ ಏನು ಮಾಡುತ್ತದೆ ಅಂತ ಕೇಳು. ತಿಳಿದ ಮೇಲೆ ನಿನಗೇ ಬೇಡ ಅನ್ನಿಸಬಹುದು.

ನಮ್ಮ ಮನೆಯದು ಸಾಧಾರಣ ಡ್ರಿಪ್ ಮಷಿನ್. ಹಿಂದೆ ನೀರಿನ ತೊಟ್ಟಿ, ಮೇಲೆ ಪುಡಿ ಹಾಕುವ ಬುಟ್ಟಿ, ಕೆಳಗೆ ಸ್ಟೀಲಿನ ಜಗ್. ಒಳಗೆ ಪಂಪೇನೂ ಇಲ್ಲ. ತೊಟ್ಟಿಯ ನೀರು ಒಂದು ಕೊಳವೆಗೆ ಇಳಿಯುತ್ತದೆ, ಅಲ್ಲಿ ಹೀಟರ್ ಅದನ್ನು ಕುದಿಸುತ್ತದೆ. ಹಬೆಯ ಗುಳ್ಳೆಗಳು ಬಿಸಿನೀರನ್ನು ಮೇಲಕ್ಕೆ ದಬ್ಬುತ್ತವೆ. ನೀರು ಹಿಂದಕ್ಕೆ ಹೋಗದ ಹಾಗೆ ಒಂದು ಸಣ್ಣ ವಾಲ್ವ್ ಇರುತ್ತದೆ. ಗೊರ ಗೊರ ಸದ್ದು ಬರುವುದು ಆ ಗುಳ್ಳೆಗಳಿಂದಲೇ. ಇಷ್ಟೇ ಕತೆ. ಜರ್ಮನಿಯಲ್ಲಿ 1954ರಲ್ಲೇ ಇಂಥ ಕರೆಂಟಿನ ಡ್ರಿಪ್ ಮಷಿನ್ ಬಂದಿತ್ತು. ಅಮೆರಿಕದ ಮನೆಮನೆಗೆ ಹೊಕ್ಕಿದ್ದು ಮಾತ್ರ 1972ರಲ್ಲಿ ಮಿಸ್ಟರ್ ಕಾಫಿ ಅನ್ನುವ ಮಷಿನ್ ಬಂದ ಮೇಲೆ. ಅದಕ್ಕೂ ಮುಂಚೆ ಇವರು ಪರ್ಕೊಲೇಟರ್‌ನಲ್ಲಿ ಕಾಫಿಯನ್ನೇ ಮತ್ತೆ ಮತ್ತೆ ಕುದಿಸಿ ಕುಡಿಯುತ್ತಿದ್ದರು. ಡಿಕಾಕ್ಷನ್ ಕುದಿಸಿದರೆ ಬೈಯುತ್ತಿದ್ದ ನಿನ್ನ ಅಜ್ಜಿ ಅದನ್ನು ನೋಡಿದ್ದರೆ ಆ ಮನೆಗೆ ಮತ್ತೆ ಕಾಲಿಡುತ್ತಿರಲಿಲ್ಲ.

ಈಗ ಗಾಜಿನ ಜಗ್ಗಿನ ವಿಷಯ. ಗಾಜಿನ ಜಗ್ ಇರುವ ಮಷಿನ್‌ನಲ್ಲಿ ಜಗ್ಗಿನ ಕೆಳಗೊಂದು ಬಿಸಿ ತಟ್ಟೆ ಇರುತ್ತದಲ್ಲ, ಸಾಮಾನ್ಯವಾಗಿ ಅದಕ್ಕೆ ಬೇರೆ ಹೀಟರ್ ಇರುವುದಿಲ್ಲ. ನೀರು ಕಾಯಿಸಿದ ಕಾಯಿಲ್ಲೇ ಆಮೇಲೆ ತಟ್ಟೆಯನ್ನೂ ಕಾಯಿಸುತ್ತಾ ಇರುತ್ತದೆ. ಕಾಫಿ ಅದರ ಮೇಲೆ ಕೂತು ಬೇಯುತ್ತದೆ. ಕಾಫಿಯಲ್ಲಿರುವ ಕ್ಲೋರೊಜೆನಿಕ್ ಆಮ್ಲಗಳು ಬಿಸಿಗೆ ಒಡೆದು ಕ್ವಿನಿಕ್ ಆಮ್ಲ ಜಾಸ್ತಿಯಾಗುತ್ತದೆ. ಆಗ ಬರುವ ಕಹಿ ನಾಲಿಗೆಗೆ ಅಂಟಿಕೊಂಡು ಬಿಡುವುದೇ ಇಲ್ಲ. ಇಲ್ಲಿನ ಆಫೀಸುಗಳಲ್ಲಿ ಮಧ್ಯಾಹ್ನದ ಕಾಫಿ ಯಾರೂ ಮುಟ್ಟದೆ ಉಳಿಯುವುದು ಇದಕ್ಕೇ.

ಫ್ಲಾಸ್ಕ್ ಜಗ್ ಬಂದದ್ದು ಈ ತಟ್ಟೆಯನ್ನು ತೆಗೆಯಲಿಕ್ಕೆ. ಕಾಫಿ ಇಳಿದು ಮುಗಿದ ಕೂಡಲೇ ಮಷಿನ್ ಆಫ್. ಮತ್ತೆ ಬೆಂಕಿ ತಾಗುವುದಿಲ್ಲ. ಒಳಗೆ ಏನಿದೆ ಅಂದರೆ ಎರಡು ಸ್ಟೀಲ್ ಗೋಡೆ, ನಡುವೆ ಗಾಳಿಯೇ ಇಲ್ಲದ ಜಾಗ. ನಿನ್ನ ಅಪ್ಪಯ್ಯ ಆಸ್ಪತ್ರೆಯಲ್ಲಿದ್ದಾಗ ನಾವು ಗಂಜಿ ಒಯ್ಯುತ್ತಿದ್ದ ಫ್ಲಾಸ್ಕ್ ನೆನಪಿದೆಯಾ? ಅದೇ ಉಪಾಯ, ಗಾಜಿನ ಬದಲು ಸ್ಟೀಲು. 1892ರಲ್ಲಿ ಜೇಮ್ಸ್ ಡ್ಯೂವರ್ ಅನ್ನುವ ವಿಜ್ಞಾನಿ ವಿಪರೀತ ತಣ್ಣಗಿನ ದ್ರವಗಳನ್ನು ಇಡಲಿಕ್ಕೆ ಮಾಡಿಕೊಂಡ ಪಾತ್ರೆ ಅದು. ಪಾಪ, ಪೇಟೆಂಟ್ ಮಾಡಿಸಿರಲಿಲ್ಲ. ಥರ್ಮಾಸ್ ಹೆಸರಲ್ಲಿ ದುಡ್ಡು ಮಾಡಿಕೊಂಡವರು ಬೇರೆಯವರು.

ಇಷ್ಟು ಒಳ್ಳೆಯ ವಸ್ತುವನ್ನು ದಿನಾ ಬಳಸುವವನಿಗೆ ಮಾತ್ರ ಅದರ ಕಿರಿಕಿರಿ ಗೊತ್ತು. ಒಳಗೆ ಎಷ್ಟು ಉಳಿದಿದೆ ಅಂತ ಕಾಣುವುದಿಲ್ಲ, ಎತ್ತಿ ಅಲ್ಲಾಡಿಸಿಯೇ ನೋಡಬೇಕು. ಕೊನೆಯ ಅರ್ಧ ಲೋಟ ಬರಬೇಕಾದರೆ ಜಗ್ಗನ್ನು ತಲೆಕೆಳಗು ಮಾಡಬೇಕು, ಆಗ ಮುಚ್ಚಳದ ಸಂದಿಯಿಂದ ಮೇಜಿನ ಮೇಲೆ ಚೆಲ್ಲುತ್ತದೆ. ಮಿನ್ನೆಸೋಟದ ಚಳಿಗಾಲದಲ್ಲಿ ಬೆಳಿಗ್ಗೆ ಸ್ಟೀಲ್ ಐಸಿನಷ್ಟು ತಣ್ಣಗಿರುತ್ತದೆ. ಅದಕ್ಕೆ ನೇರ ಕಾಫಿ ಇಳಿಸಿದರೆ ಅರ್ಧ ಬಿಸಿಯನ್ನು ಜಗ್ಗೇ ಕುಡಿದುಬಿಡುತ್ತದೆ. ಹಾಗಾಗಿ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲುತ್ತೇನೆ. ಟೈಮರ್ ಇಟ್ಟು ಮಲಗುವ ಸುಖ ಅಲ್ಲಿಗೆ ಮುಗಿಯಿತು! ಎದ್ದು ನೀರು ಕಾಯಿಸುವುದಾದರೆ ಟೈಮರ್ ಯಾಕೆ ಅಂತ ನನ್ನ ಹೆಂಡತಿ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಜಗ್ ತುಂಬಿದ್ದರೆ ಬಿಸಿ ತುಂಬಾ ಹೊತ್ತು ಇರುತ್ತದೆ, ಅರ್ಧ ಆದರೆ ಬೇಗ ಆರುತ್ತದೆ. ಇನ್ನೊಂದು ಮುಖ್ಯ ಸಂಗತಿ, ಕಾಫಿ ಜಗ್ಗಿನೊಳಗೆ ಒಂದೇ ಹದದಲ್ಲಿ ಇರುವುದಿಲ್ಲ. ಮೊದಲು ಇಳಿಯುವುದು ಗಟ್ಟಿ, ಕೊನೆಗೆ ಇಳಿಯುವುದು ನೀರು. ನಮ್ಮ ಮನೆಗಳಲ್ಲಿ ಒಂದನೇ ಡಿಕಾಕ್ಷನ್ ನೆಂಟರಿಗೆ, ಎರಡನೆಯದು ಮಕ್ಕಳಿಗೆ ಅಂತ ಬೇರೆ ಬೇರೆ ಇಳಿಸುತ್ತಿದ್ದರಲ್ಲ, ಇಲ್ಲಿ ಅವೆರಡೂ ಒಂದೇ ಪಾತ್ರೆಗೆ ಬೀಳುತ್ತವೆ. ಬಗ್ಗಿಸುವ ಮೊದಲು ಒಮ್ಮೆ ತಿರುವಿ ಕಲಕದಿದ್ದರೆ ಒಬ್ಬರಿಗೆ ಕಷಾಯ, ಇನ್ನೊಬ್ಬರಿಗೆ ತೊಳೆದ ನೀರು.

ಬಿಸಿ ಉಳಿಯಿತು ಅಂದ ಮಾತ್ರಕ್ಕೆ ರುಚಿ ಉಳಿಯಿತು ಅಂತ ತಿಳಿಯಬೇಡ. ಘಮ ಮೊದಲ ಒಂದು ಗಂಟೆಯಲ್ಲೇ ಇಳಿಯಲು ಶುರುವಾಗುತ್ತದೆ. ಎರಡು ಗಂಟೆಯವರೆಗೆ ಕುಡಿಯಬಹುದು. ಮಧ್ಯಾಹ್ನಕ್ಕೆ ಅದು ಬರೀ ಬಿಸಿ ಇರುವ ಕರಿ ನೀರು. ತಟ್ಟೆಯ ಮೇಲೆ ಕೂತದ್ದಕ್ಕಿಂತ ವಾಸಿ, ಅಷ್ಟೇ. ಐದೂವರೆಯವರಿಗೆ ಇಳಿಸಿದ್ದನ್ನು ಎಂಟಕ್ಕೆ ಎದ್ದವರಿಗೆ ಕೊಡಬೇಡ, ಇನ್ನೊಮ್ಮೆ ಇಳಿಸು.

ಹಾಲಿನ ಕಾಫಿಯನ್ನು ಮಾತ್ರ ಯಾವತ್ತೂ ಇದರಲ್ಲಿ ತುಂಬಬೇಡ. ಉಗುರು ಬೆಚ್ಚಗಾದ ಹಾಲು ಬೇಗ ಕೆಡುತ್ತದೆ, 60 ಡಿಗ್ರಿಗಿಂತ ಕೆಳಗೆ ಇಳಿದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮುಚ್ಚಳದ ರಬ್ಬರಿನ ಸಂದಿಗೆ ಒಮ್ಮೆ ಹಾಲು ಸೇರಿದರೆ ಆ ವಾಸನೆ ಸುಲಭಕ್ಕೆ ಹೋಗುವುದಿಲ್ಲ. ನಮ್ಮ ಮನೆಗೆ ಕನ್ನಡ ಕೂಟದವರು ಮೀಟಿಂಗಿಗೆ ಬಂದಾಗ ಜಗ್ಗಿನಲ್ಲಿ ಬ್ಲ್ಯಾಕ್, ಪಕ್ಕದಲ್ಲಿ ಪಾತ್ರೆಯಲ್ಲಿ ಬಿಸಿ ಹಾಲು, ಸಕ್ಕರೆ ಇಡುತ್ತೇವೆ. ಅವರವರು ಬೆರೆಸಿಕೊಳ್ಳುತ್ತಾರೆ. ಆದರೂ ಒಬ್ಬಿಬ್ಬರು ಹಿರಿಯರು ಒಳಗೆ ಬಂದು, ಫಿಲ್ಟರಿನದ್ದು ಇಲ್ಲವಾ ಅಂತ ಮೆಲ್ಲಗೆ ಕೇಳುತ್ತಾರೆ. ಇದೆ. ಶನಿವಾರ, ಭಾನುವಾರ ನಾವು ಕುಡಿಯುವುದು ಅದನ್ನೇ. ಹಾಲು ಬೆರೆಸುವ ಕಾಫಿಗೆ ಡಿಕಾಕ್ಷನ್ ಗಟ್ಟಿ ಬೇಕು, ಅದನ್ನು ಈ ಮಷಿನ್ ಕೊಡಲಾರದು. ಎಷ್ಟು ಪುಡಿ ಸುರಿದರೂ ಹಾಲು ಹಾಕಿದ ಮೇಲೆ ನೀರು ನೀರು. ಹಾಗಾಗಿ ನಿಮ್ಮ ಮನೆಯವರ ಕಾಫಿಗೆ ಇದನ್ನು ನೆಚ್ಚಬೇಡ.

ಪುಡಿಯ ವಿಷಯ ನಿನ್ನಂಥ ತೋಟದವನಿಗೆ ಹೇಳುವುದು ತಮಾಷೆಯೇ. ಆದರೂ ಹೇಳಬೇಕು. ಪೇಟೆಯ ಫಿಲ್ಟರ್ ಪುಡಿಯನ್ನು ಇದಕ್ಕೆ ಹಾಕಬಾರದು. ಕಾನೂನಿನ ಪ್ರಕಾರ ಕಾಫಿ ಪುಡಿಗೆ ನೂರಕ್ಕೆ 49ರವರೆಗೆ ಚಿಕೋರಿ ಬೆರೆಸಬಹುದು. ಚಿಕೋರಿ ನೀರಿನಲ್ಲಿ ಬಹುಪಾಲು ಕರಗಿ ಅಂಟಾಗುತ್ತದೆ, ಅದರ ಜೊತೆ ನುಣ್ಣಗಿನ ಪುಡಿ ಸೇರಿ ಪೇಪರ್ ಫಿಲ್ಟರಿನ ರಂಧ್ರ ಮುಚ್ಚುತ್ತದೆ. ಮೇಲಿಂದ ನೀರು ಬೀಳುತ್ತಲೇ ಇರುತ್ತದೆ, ಕೆಳಕ್ಕೆ ಇಳಿಯುವುದಿಲ್ಲ, ಬುಟ್ಟಿ ತುಂಬಿ ಅಡುಗೆಮನೆಯ ಕಟ್ಟೆಯೆಲ್ಲ ಕಾಫಿ. ಊರಿನಿಂದ ಪುಡಿ ತಂದುಕೊಂಡ ಹೊಸಬರ ಮನೆಗಳಲ್ಲಿ ಇದು ಮಾಮೂಲು ಕತೆ. ಬೇಕಾದ್ದು ಪ್ಯೂರ್, ಅದೂ ತರಿ ತರಿಯಾಗಿ, ಸಣ್ಣ ರವೆಯ ಹಾಗೆ.

ಅಳತೆ ಒಂದು ಲೀಟರ್ ನೀರಿಗೆ 55 ಗ್ರಾಂ. ಇದು ನನ್ನ ಲೆಕ್ಕ ಅಲ್ಲ. 1950ರ ದಶಕದಲ್ಲಿ ಇಲ್ಲಿನ ಎಂಐಟಿ ವಿಶ್ವವಿದ್ಯಾಲಯದ ಅರ್ನೆಸ್ಟ್ ಲಾಕ್‌ಹಾರ್ಟ್ ಅನ್ನುವ ರಸಾಯನ ವಿಜ್ಞಾನಿ ಕೂತು ಅಳೆದಿದ್ದರು. ಪುಡಿಯ ತೂಕದಲ್ಲಿ ನೂರಕ್ಕೆ 18ರಿಂದ 22 ಭಾಗ ನೀರಿಗೆ ಇಳಿದರೆ ಹದ, ಕಡಿಮೆಯಾದರೆ ಹುಳಿ, ಜಾಸ್ತಿಯಾದರೆ ಕಹಿ ಅನ್ನುವ ಲೆಕ್ಕ ಅವರಿಂದ ಬಂದದ್ದು. ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್ ಇವತ್ತಿಗೂ ಮನೆ ಮಷಿನ್‌ಗಳನ್ನು ಪರೀಕ್ಷೆ ಮಾಡುವುದು ಹೆಚ್ಚುಕಡಿಮೆ ಅದೇ ಹಾದಿಯಲ್ಲಿ. ಪುಡಿಗೆ ತಾಗುವ ನೀರು 92ರಿಂದ 96 ಡಿಗ್ರಿ ಇರಬೇಕು. ಅಗ್ಗದ ಮಷಿನ್‌ಗಳು ಎಷ್ಟೋ ಸಲ ಆ ಬಿಸಿಯನ್ನೇ ಮುಟ್ಟುವುದಿಲ್ಲ.

ಈಗ ನೀನೇ ಯೋಚಿಸು. ಮಷಿನ್ ಮಾಡುವುದು ಎರಡೇ ಕೆಲಸ, ನೀರನ್ನು ಸರಿಯಾದ ಬಿಸಿಗೆ ತರುವುದು, ಆಮೇಲೆ ಕಾಫಿಯನ್ನು ಬೆಂಕಿಯಿಂದ ದೂರ ಇಡುವುದು. ಕೊಪ್ಪದ ಎತ್ತರದಲ್ಲಿ ನೀರು ಕುದಿಯುವುದೇ 97-98 ಡಿಗ್ರಿಗೆ. ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟರೆ ಮುಗಿಯಿತು, ದುಬಾರಿ ಮಷಿನ್ ಹೆಣಗಾಡಿ ತರುವ ಹದ ನಿನ್ನ ಗ್ಯಾಸ್ ಒಲೆಯ ಮೇಲೆ ಪುಕ್ಕಟೆ ಸಿಗುತ್ತದೆ. ಉಳಿದದ್ದು ಫ್ಲಾಸ್ಕ್. ಅದು ಚಿಕ್ಕಮಗಳೂರಿನ ಯಾವ ಪಾತ್ರೆ ಅಂಗಡಿಯಲ್ಲಾದರೂ ಸಿಗುತ್ತದೆ.

ಹಾಗಾಗಿ ಮಷಿನ್ ಬದಲು ನಾನು ತರುವುದು ಆಲಿಕೆಯ ಹಾಗಿರುವ ಒಂದು ಕೋನ್ ಮತ್ತು ಅದರ ಪೇಪರ್ ಫಿಲ್ಟರ್. ಕೋನನ್ನು ಫ್ಲಾಸ್ಕಿನ ಬಾಯಿಯ ಮೇಲೆ ಕೂರಿಸಿ, ಪುಡಿ ಹಾಕಿ, ಮೊದಲು ಸ್ವಲ್ಪ ನೀರು ಹನಿಸಿ ಪುಡಿ ಉಬ್ಬಲಿಕ್ಕೆ ಬಿಟ್ಟು, ಆಮೇಲೆ ನಿಧಾನವಾಗಿ ಉಳಿದದ್ದು ಹುಯ್ಯಬೇಕು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟ್ಟಾ ಬೆಂಟ್ಸ್ ಅನ್ನುವ ಗೃಹಿಣಿ 1908ರಲ್ಲಿ ಇದನ್ನು ಕಂಡುಹಿಡಿದಳು, ಮಗನ ಪುಸ್ತಕದ ಬ್ಲಾಟಿಂಗ್ ಪೇಪರ್ ಹರಿದು. ಕರೆಂಟ್ ಬೇಡ, ರಿಪೇರಿ ಇಲ್ಲ, ಮೂರು ತಿಂಗಳಿಗೊಮ್ಮೆ ವಿನೆಗರ್ ಹಾಕಿ ಓಡಿಸಿ ಗಡಸು ನೀರಿನ ಬಿಳಿ ಪದರ ತೆಗೆಯುವ ಕೆಲಸವೂ ಇಲ್ಲ. ಅತ್ತಿಗೆ ಎರಡನೇ ಸಲಕ್ಕೇ ನನಗಿಂತ ಚೆನ್ನಾಗಿ ಮಾಡುತ್ತಾರೆ, ನೋಡು. ಅಥವಾ ನೀನೇ ಮಾಡು, ಐದೂವರೆಗೆ ಹೇಗೂ ಎದ್ದಿರುತ್ತೀಯ.

ಫ್ಲಾಸ್ಕ್ ಕೊಳ್ಳುವಾಗ ಒಂದೂವರೆ ಲೀಟರಿನದು ಒಂದು ಬೇಡ, ಮುಕ್ಕಾಲು ಲೀಟರಿನವು ಎರಡು ತಗೋ. ಎರಡನ್ನೂ ತುಂಬಿಯೇ ಇಡಬಹುದು, ಒಂದು ಮುಗಿದ ಮೇಲೆ ಇನ್ನೊಂದಕ್ಕೆ ಹೊಸದಾಗಿ ಇಳಿಸಬಹುದು. ಬಾಯಿ ಅಗಲ ಇರಲಿ, ಕೈ ಅಲ್ಲದಿದ್ದರೂ ಬ್ರಷ್ ಆದರೂ ಒಳಗೆ ಹೋಗಬೇಕು. ಒಳಗೆ ಕಂದು ಕಲೆ ಕೂತರೆ ಒಂದು ಚಮಚ ಅಡುಗೆ ಸೋಡಾ, ಬಿಸಿನೀರು ಹಾಕಿ ರಾತ್ರಿ ಬಿಡು. ಸ್ಟೀಲ್ ನಾರಿನಲ್ಲಿ ಉಜ್ಜಬೇಡ. ಮುಚ್ಚಳ ಹಾಕಿ ಎತ್ತಿಡಬೇಡ, ಮಳೆಗಾಲದಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ.

ನಾನು ಬರುವ ಹೊತ್ತಿಗೆ ನಿಮ್ಮಲ್ಲಿ ಅರೇಬಿಕಾ ಕುಯ್ಲು ನಡೆದಿರುತ್ತದೆ. ಹೊಸದು ಒಣಗುವುದು ತಡ, ಹೋದ ವರ್ಷದ ಒಳಸಿಪ್ಪೆ ತೆಗೆಯದ ಬೀಜ, ಅದೇ ಪಾರ್ಚ್‌ಮೆಂಟ್ ಉಳಿದಿದ್ದರೆ ಒಂದೆರಡು ಕೆಜಿ ಸಿಪ್ಪೆ ಬಿಡಿಸಿ ಹುರಿಸಿಡು. ತೀರಾ ಕಪ್ಪಗೆ ಬೇಡ, ಕಂದು ಬಣ್ಣಕ್ಕೆ ನಿಲ್ಲಿಸಲಿಕ್ಕೆ ಹೇಳು. ತಮ್ಮ ಕಿಟಕಿಯಾಚೆ ಬೆಳೆದದ್ದನ್ನೇ ಕುಡಿಯುತ್ತಿದ್ದೇವೆ ಅಂತ ಗೊತ್ತಾದರೆ ಬೆಂಗಳೂರಿನವರು ಇನ್ನೊಂದು ದಿನ ಜಾಸ್ತಿ ಉಳಿಯುತ್ತಾರೆ, ಬಾಡಿಗೆ ನಿನಗೆ. ಪುಡಿ ಮಾಡಿಸಬೇಡ, ನಾನು ಬಂದ ಮೇಲೆ ಹದ ನೋಡಿ ಮಾಡಿಸೋಣ.

ಕೋನ್ ಎರಡು ಮೂರು ಅಳತೆಯಲ್ಲಿ ಬರುತ್ತದೆ. ಫ್ಲಾಸ್ಕ್ ಕೊಂಡ ಮೇಲೆ ಬಾಯಿಯ ಅಗಲವನ್ನು ಸ್ಕೇಲ್ ಇಟ್ಟು ಅಳೆದು, ನವೆಂಬರ್ ಮುಗಿಯುವುದರೊಳಗೆ ಬರೆದು ಕಳಿಸು. ಫೋಟೋ ಕಳಿಸಿ ಅಂದಾಜು ಮಾಡು ಅನ್ನಬೇಡ.

ನಿನ್ನ,
ಶ್ರೀಪಾದ