ಸ್ವಾಯತ್ತತೆಯ ಚರ್ಚೆ ಕುರಿತು ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಪ್ರಾದೇಶಿಕ ಅಸ್ಮಿತೆ ಹಾಗೂ ಒಕ್ಕೂಟದ ಅಧಿಕಾರ ಕುರಿತ ನಮ್ಮ ಚರ್ಚೆಯಲ್ಲಿ, ಸ್ವಾಯತ್ತತೆ ಕೇಳುವವರೆಲ್ಲರನ್ನೂ ಪ್ರತ್ಯೇಕತಾವಾದಿಗಳೆಂದೂ ಕೇಂದ್ರದ ಪರ ಮಾತನಾಡುವವರೆಲ್ಲರನ್ನೂ ನಾಡದ್ರೋಹಿಗಳೆಂದೂ ಕರೆಯುವ ಸಂದೇಶಗಳು ಹೆಚ್ಚುತ್ತಿರುವುದರಿಂದ ಈ ಸೂಚನೆಯನ್ನು ಬರೆಯಬೇಕಾಗಿದೆ.

ಇಂಥ ವಿವಾದಗಳಲ್ಲಿ ಬಣಗಳು ಎರಡೇ ಇರುವುದು ಅಪರೂಪ. ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನೇ ನೋಡಿ: ಪ್ರತ್ಯೇಕ ದೇಶ ಬಯಸುವವರು, ಒಕ್ಕೂಟವನ್ನು ಒಪ್ಪಿಕೊಂಡವರು, ಒಕ್ಕೂಟದಲ್ಲಿದ್ದುಕೊಂಡೇ ಫ್ರೆಂಚ್ ಭಾಷೆ ಮತ್ತು ವಲಸೆಯ ವಿಷಯದಲ್ಲಿ ಹೆಚ್ಚಿನ ಹಿಡಿತ ಕೇಳುವವರು ಎಂದು ಕನಿಷ್ಠ ಮೂರು ನಿಲುವುಗಳು ಅಲ್ಲಿವೆ. 1980ರ ಜನಮತಗಣನೆಯಲ್ಲಿ ಸುಮಾರು ಶೇ. 60ರಷ್ಟು ಮತಗಳು ಬೇರ್ಪಡುವ ಪ್ರಸ್ತಾವಕ್ಕೆ ವಿರುದ್ಧವಾಗಿದ್ದವು. 1995ರಲ್ಲಿ ಆ ಪ್ರಮಾಣ ಶೇ. 50.58ಕ್ಕೆ ಇಳಿಯಿತು. ಪ್ರಾಂತ್ಯವು ಏಕಪಕ್ಷೀಯವಾಗಿ ಬೇರ್ಪಡುವಂತಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ದೊರೆತರೆ ಒಕ್ಕೂಟದ ಉಳಿದವರು ಮಾತುಕತೆಗೆ ಕೂರಲೇಬೇಕು ಎಂದು 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಎರಡೂ ಕಡೆಯವರು ಅದನ್ನು ತಮ್ಮ ಗೆಲುವೆಂದೇ ಹೇಳಿಕೊಂಡದ್ದು ಬೇರೆ ಮಾತು.

ತಮಿಳುನಾಡು ಸರ್ಕಾರ ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಲು 1969ರಲ್ಲಿ ನೇಮಿಸಿದ ರಾಜಮನ್ನಾರ್ ಸಮಿತಿ ಕೇಳಿದ್ದೂ ಅಧಿಕಾರದ ಮರುಹಂಚಿಕೆಯನ್ನೇ ಹೊರತು ಬೇರ್ಪಡುವಿಕೆಯನ್ನಲ್ಲ.

ಆದ್ದರಿಂದ ಇನ್ನು ಮುಂದೆ ಈ ವಿಷಯದ ಬಗ್ಗೆ ಬರೆಯುವವರು ತೆರಿಗೆ, ಭಾಷೆ, ಶಿಕ್ಷಣ, ಪೊಲೀಸ್ ಮುಂತಾದವುಗಳಲ್ಲಿ ಯಾವ ಅಧಿಕಾರ ಯಾರ ಬಳಿ ಇರಬೇಕೆಂಬುದನ್ನು ಹೆಸರಿಸಿಯೇ ವಾದಿಸಬೇಕೆಂದು ಕೋರುತ್ತೇನೆ. ಬರೀ ಹಣೆಪಟ್ಟಿ ಹಚ್ಚುವ ಸಂದೇಶಗಳನ್ನು ಅಳಿಸಲಾಗುವುದು. ನನ್ನ ನಿಲುವನ್ನು ಬೆಂಬಲಿಸುವ ಸಂದೇಶಗಳಿಗೂ ಇದು ಅನ್ವಯಿಸುತ್ತದೆ.

ಗುಂಪಿನ ನಿರ್ವಾಹಕ