ಮನೆ ಮಾರಿದೆ ಕಣೋ, ಕಮಿಷನ್ ಬಾಕಿ ಇದೆ

ಲೋ ಮಾರಾಯ,

ಮೈಸೂರಲ್ಲಿರೋ ನಿಮ್ಮ ಸರಸ್ವತಿಪುರಂ ಮನೆ ಮಾರೋಕೆ ಬ್ರೋಕರ್‌ಗೆ ಎಷ್ಟು ಕೊಡಬೇಕು ಅಂತ ನೀನು ಮಸ್ಕತ್‌ನಿಂದ ಕೇಳಿ ಮೂರು ವಾರ ಆಯ್ತು. ಉತ್ತರ ಬರೆಯೋಣ ಅಂತ ನಾಲ್ಕು ಸಲ ಫೋನ್ ಎತ್ತಿಕೊಂಡೆ, ಹಾಗೇ ಇಟ್ಟೆ. ಒಂದು ಸಾಲಿನ ಉತ್ತರ ‘ಟೂ ಪರ್ಸೆಂಟ್’, ಅದು ನಿನಗೂ ಗೊತ್ತು. ಉಳಿದದ್ದನ್ನು ಇಲ್ಲೇ, ಎಲ್ಲರ ಎದುರಿಗೇ ಬರೀತೀನಿ. ನಮ್ಮ ಬ್ಯಾಚಿನವರೆಲ್ಲ ಅಪ್ಪ ಕಟ್ಟಿಸಿದ ಮನೆ ಮಾರೋ ವಯಸ್ಸಿಗೆ ಬಂದಿದ್ದೀವಿ.

ಮೊದಲು ಸುದ್ದಿ. ಅಟ್ಟ ಖಾಲಿ ಮಾಡುವಾಗ ಕೊಡೆ ಸಿಕ್ತು. ಹೌದು, ಅದೇ ಕೊಡೆ. ಕಡ್ಡಿ ಒಂದೂ ಮುರಿದಿಲ್ಲ.

ಕುವೆಂಪುನಗರದ ಮನೆ ನಿನಗೆ ನೆನಪಿರುತ್ತೆ, 30×40, ಮುಂದೆ ಪಾರಿಜಾತ. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದರು. ಮಾರೋದು ಅಂತ ಆದಾಗ ನಮ್ಮ ಬೀದಿ ಕೊನೆಯ ಅಂಗಡಿಯ ಹತ್ತಿರ ಯಾವಾಗಲೂ ಸಿಗುತ್ತಿದ್ದ ಬ್ರೋಕರ್‌ಗೆ ಹೇಳಿದೆ. ಹೆಸರು ಬೇಡ. ಕಮಿಷನ್ ಎಷ್ಟು ಅಂತ ನಾನು ಕೇಳಲಿಲ್ಲ, ಆತನೂ ಹೇಳಲಿಲ್ಲ. “ನಿಮಗೆ ಬೇಜಾರು ಮಾಡಲ್ಲ ಬಿಡಿ” ಅಂದೆ. “ಅಯ್ಯೋ, ನಿಮ್ಮ ತಂದೆಯವರ ಕಾಲದಿಂದ ನೋಡಿದೀನಿ, ನೀವು ಹೇಳಿದ ಹಾಗೆ” ಅಂದ.

ಈ ‘ಬೇಜಾರು ಮಾಡಲ್ಲ’ ಅನ್ನೋ ಮಾತಿನಲ್ಲೇ ಎಲ್ಲ ಜಗಳವೂ ಹುಟ್ಟೋದು ಕಣೋ. ದರ ಬಾಯಿಬಿಟ್ಟು ಹೇಳೋದು ಮರ್ಯಾದೆ ಅಲ್ಲ ಅಂತ ನಾವು ಅಂದುಕೊಂಡಿದ್ದೀವಿ. ಕೇಳಿಸಿಕೊಂಡವನ ಮನಸ್ಸಿನಲ್ಲಿ ಅದು ಎರಡು ಪರ್ಸೆಂಟ್, ಹೇಳಿದವನ ಮನಸ್ಸಿನಲ್ಲಿ ಒಂದು ಕವರ್. ಆಮೇಲೆ ಕಮ್ಮಿ ಮಾಡಬಹುದು ಅಂತಲೇ ಅವತ್ತು ನಾನು ದರ ಹೇಳದೆ ಬಿಟ್ಟೆ. ಸಂಕೋಚ ಅಂತ ಬರೆದರೆ ಸುಳ್ಳಾಗುತ್ತೆ.

ಆತ ಜನರನ್ನು ಕರೆತಂದ. ನಾನು ಬೆಂಗಳೂರಲ್ಲಿದ್ದೆ, ಅಮ್ಮ ಬಾಗಿಲು ತೆಗೆದು ತೋರಿಸುತ್ತಿದ್ದರು. 1 ಕೋಟಿ 25 ಲಕ್ಷ ಹೇಳಿದ್ದೆ. ಒಬ್ಬರು ಎರಡು ತಿಂಗಳು ಎಳೆದಾಡಿ ಸುಮ್ಮನಾದರು. ಆಮೇಲೆ ಒಂದು ಭಾನುವಾರ ಅವರೇ ನನಗೆ ನೇರವಾಗಿ ಫೋನ್ ಮಾಡಿದರು. ನಮ್ಮ ಚಿಕ್ಕಪ್ಪನ ಪರಿಚಯದವರಂತೆ, ನಂಬರ್ ಅಲ್ಲಿಂದ ಸಿಕ್ಕಿತಂತೆ. ಮಾತಾಡ್ತಾ ಆಡ್ತಾ, “ಮಧ್ಯೆ ಬ್ರೋಕರ್ ಯಾಕೆ ಸಾರ್, ನಾವು ನಾವೇ ಮುಗಿಸಿಕೊಂಡರೆ ಇಬ್ಬರಿಗೂ ಉಳೀತು” ಅಂದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. “ಮನೆಗೆ ಬನ್ನಿ” ಅಂದೆ. 1 ಕೋಟಿ 20 ಲಕ್ಷಕ್ಕೆ ಮುಗೀತು.

ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಹತ್ತಿರ ಆತ ನಿಂತಿದ್ದ. ಯಾರು ಹೇಳಿದರೋ. ಕೂಗಾಡಲಿಲ್ಲ. “ಸಾರ್, ನಂದು 2 ಲಕ್ಷ 40 ಸಾವಿರ ಆಗುತ್ತೆ” ಅಂದ. ನಾನು 50 ಸಾವಿರ ಅಂದೆ. ಬ್ಯಾಂಕಿಗೆ ಹಾಕ್ತೀನಿ, ರಸೀದಿ ಕೊಡಿ ಅಂದೆ. ಕ್ಯಾಶ್ ಆಗಬೇಕು ಅಂದ. (ರಸೀದಿ ನಿನಗೂ ಬೇಕಾಗುತ್ತೆ. ಮನೆ ಮಾರಾಟಕ್ಕೆಂದೇ ಕೊಟ್ಟ ಕಮಿಷನ್ ಅನ್ನು ಕ್ಯಾಪಿಟಲ್ ಗೇನ್ಸ್, ಅಂದರೆ ಮಾರಾಟದ ಲಾಭದ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು, ಆದರೆ ಕಾಗದ ಇರಬೇಕು.) “ಗಿರಾಕಿ ನಮ್ಮ ಚಿಕ್ಕಪ್ಪನ ಕಡೆಯವರು. ನೀವು ಎರಡು ಸಲ ಬಂದಿರಿ, ಅಷ್ಟೆ” ಅಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ನಾವು ಅರ್ಜೆಂಟಲ್ಲಿದ್ದೀವಿ ಅಂತ ಪಾರ್ಟಿಗೆ ಹೇಳಿ 5 ಲಕ್ಷ ಇಳಿಸಿದವರೂ ನೀವೇ” ಅಂತ ನಾಲ್ಕು ಜನರ ಎದುರಿಗೆ ಅಂದೆ. ಕೊಂಡವರ ಬಾಯಿಂದ ಹಿಂದಿನ ವಾರ ‘ನೀವು ಅರ್ಜೆಂಟಲ್ಲಿದ್ದೀರಂತೆ’ ಅನ್ನೋ ಮಾತು ಬಂದಿತ್ತು. ಆತ ನನ್ನ ಮುಖ ನೋಡಿದ, ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಹೊರಟುಹೋದ.

ಕೇಸು ಹಾಕಿದರೆ ಅಂತ ಭಯ ಇತ್ತು, ಒಬ್ಬ ವಕೀಲರನ್ನು ಕೇಳಿದೆ. ಅವರು ಹೇಳಿದ್ದನ್ನು ನಿನಗೋಸ್ಕರ ಬರೀತೀನಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಏಜೆಂಟರು ನೋಂದಣಿ ಮಾಡಿಸಿಕೊಳ್ಳಬೇಕು ಅನ್ನೋದು ನಿಜ, ಆದರೆ ಅದು ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟುಗಳ ಮಾರಾಟಕ್ಕೆ. ಅಪ್ಪ ಕಟ್ಟಿಸಿದ ಹಳೇ ಮನೆಗೆ ಅದು ಬರಲ್ಲ. ಕಮಿಷನ್ ಇಷ್ಟೇ ಅಂತ ಆ ಕಾಯ್ದೆ ನಿಗದಿ ಮಾಡಿಯೂ ಇಲ್ಲ. ಒಂದು, ಎರಡು ಪರ್ಸೆಂಟ್ ಅನ್ನೋದೆಲ್ಲ ರೂಢಿ. ಎರಡೂ ಕಡೆಯಿಂದ ತೊಗೊಳ್ಳೋದೂ ರೂಢಿಯೇ. ನಮ್ಮಂಥ ಜಗಳಕ್ಕೆ ಅನ್ವಯಿಸೋದು 1872ರ ಕರಾರು ಕಾಯ್ದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ವಹಿಸಿದ ಕೆಲಸ ಪೂರ್ತಿಯಾದ ಮೇಲೆ ಏಜೆಂಟನ ಹಣ ಬಾಕಿಯಾಗುತ್ತೆ ಅನ್ನುತ್ತೆ 219ನೇ ಸೆಕ್ಷನ್. ವಹಿಸಿದ ಕೆಲಸದಲ್ಲಿ ದುರ್ನಡತೆ ತೋರಿಸಿದರೆ ಆ ಭಾಗದ ಹಣ ಇಲ್ಲ ಅನ್ನೋದು 220. ಪುಕ್ಕಟೆ ಅಂತ ಮಾಡದ ಕೆಲಸದ ಲಾಭ ನೀನು ಉಂಡಿದ್ದರೆ ಪರಿಹಾರ ಕೊಡಬೇಕು ಅನ್ನೋದು 70. ಬಾಯಿಮಾತಿನ ಕರಾರಿಗೂ ಬೆಲೆ ಇದೆ. “ಆದರೆ ಸಾಬೀತು ಮಾಡೋದು ಅವನಿಗೆ ಕಷ್ಟ. ಎಷ್ಟು ಸಲ ಬಂದ, ಯಾರನ್ನು ಕರೆತಂದ ಅಂತ ಅವನ ಹತ್ತಿರ ಏನಿದೆ?” ಅಂದರು. ನಾನು ಹಗುರವಾಗಿ ಮನೆಗೆ ಬಂದೆ.

ಬರೆಯೋದು ಬೇಡ ಅಂದುಕೊಂಡಿದ್ದು ಇಲ್ಲಿಂದ ಮುಂದಿನದು.

ಕೀಲಿ ಒಪ್ಪಿಸೋ ಹಿಂದಿನ ದಿನ ಅಡುಗೆಮನೆ ಖಾಲಿ ಮಾಡ್ತಿದ್ದೆ. ಫ್ರಿಜ್ ಪಕ್ಕದ ಮೊಳೆಗೆ ಅಮ್ಮನ ಕ್ಯಾಲೆಂಡರ್ ನೇತಾಡ್ತಿತ್ತು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿ. ಅದರ ಮಧ್ಯೆ ಅಲ್ಲಲ್ಲಿ ಪೆನ್ಸಿಲ್‌ನಲ್ಲಿ, ‘ಮನೆ ನೋಡೋರು 3, ಕಾಫಿ 4’. ‘ಮನೆ ನೋಡೋರು 2, ಕಾಫಿ 3’. ಆ ಹೆಚ್ಚಿನ ಒಂದು ಕಾಫಿ ಆತನದು. ನಿಂತಲ್ಲೇ ಎಣಿಸಿದೆ, ಹನ್ನೊಂದು ಸಲ. ಅದರಲ್ಲಿ ನಾಲ್ಕು ಕಡೆ ‘ಅದೇ ಬ್ಯಾಂಕಿನವರು’ ಅಂತ ಬರೆದಿದ್ದರು. ಮನೆ ಕೊಂಡವರು ಬ್ಯಾಂಕಿನಲ್ಲಿದ್ದವರು. ಅವರನ್ನು ಆತನೇ ನಾಲ್ಕು ಸಲ ಕರೆತಂದಿದ್ದ. ಒಂದು ಕಡೆ, ಜುಲೈನಲ್ಲಿ, ‘ಮನೆ ನೋಡೋರು ಬರಲಿಲ್ಲ. ಬ್ರೋಕರ್ ಬಂದು ಬಚ್ಚಲ ನಲ್ಲಿ ಸರಿಮಾಡಿ ಕೊಟ್ಟ. ದುಡ್ಡು ಬೇಡ ಅಂದ’.

ವಕೀಲರು ಅವನ ಹತ್ತಿರ ಏನಿದೆ ಅಂದರಲ್ಲ, ಅದು ನನ್ನ ಕೈಯಲ್ಲಿತ್ತು. ಕ್ಯಾಲೆಂಡರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಕೆಳಗೆ ಇಟ್ಟೆ. ಯಾರೂ ನೋಡ್ತಿರಲಿಲ್ಲ. ಹಾಗಿದ್ದೂ ಬಚ್ಚಿಟ್ಟೆ. ಅದಾದ ಮೇಲೆ ಆತನಿಗೆ 1 ಲಕ್ಷ ಬ್ಯಾಂಕಿಗೆ ಹಾಕಿ ‘ಇಲ್ಲಿಗೆ ಮುಗೀತು’ ಅಂತ ಮೆಸೇಜ್ ಕಳಿಸಿದೆ. ಆತ ‘ಸರಿ ಸಾರ್’ ಅಂತ ಬರೆದ. ಬೈದಿದ್ದರೆ ಇನ್ನೂ ನೆಮ್ಮದಿಯಾಗಿರುತ್ತಿದ್ದೆನೋ ಏನೋ.

ಹೋದ ತಿಂಗಳು ಊಟ ಮಾಡ್ತಾ ಅಮ್ಮನ್ನ ಕೇಳಿದೆ, ನಾವು ಅರ್ಜೆಂಟಲ್ಲಿದ್ದೀವಿ ಅಂತ ಆ ಬ್ಯಾಂಕಿನವರಿಗೆ ಬ್ರೋಕರ್ ಹೇಳಿದ್ನಾ ಅಂತ. “ಅವನ್ಯಾಕೆ ಹೇಳ್ತಾನೆ? ನಾನೇ ಹೇಳಿದ್ದು. ಬೇಗ ತೊಗೊಂಬಿಡಿ, ಮಗನ ಹತ್ರ ಹೋಗ್ಬಿಡ್ತೀನಿ, ರಾತ್ರಿ ಒಬ್ಬಳಿಗೇ ಆಗಲ್ಲ ಅಂದೆ. ಪಾಪ, ಹಾಗೆಲ್ಲ ಹೇಳಬೇಡಿ ಅಮ್ಮಾ, ರೇಟ್ ಇಳಿಸ್ತಾರೆ ಅಂತ ಆಮೇಲೆ ಅವನೇ ನನಗೆ ಬುದ್ಧಿ ಹೇಳಿದ” ಅಂದರು. ಮಾರೋಕೆ ಅಮ್ಮನಿಗೆ ಮನಸ್ಸಿಲ್ಲ, ನಾನೇ ಬಲವಂತ ಮಾಡ್ತಿದ್ದೀನಿ ಅಂತ ಒಂದು ವರ್ಷ ತಡ ಮಾಡಿದ್ದೆ ಕಣೋ ನಾನು. ರಾತ್ರಿ ಆಗಲ್ಲ ಅನ್ನೋದನ್ನು ಅವರು ನನಗೆ ಹೇಳಲೇ ಇಲ್ಲ. ಮನೆ ನೋಡೋಕೆ ಬಂದವರಿಗೆ ಹೇಳಿದ್ದರು. ಅದು ಬ್ರೋಕರ್‌ಗೂ ಗೊತ್ತಿತ್ತು.

ತಟ್ಟೆ ಮುಂದೆ ಕೂತೇ ಇದ್ದೆ. ಸಾರು ಆರಿತು ಅಂತ ಅಮ್ಮ ಗದರಿದರು.

ನಿನ್ನ ವಿಷಯಕ್ಕೆ ಬರ್ತೀನಿ. ಮೊದಲನೇ ದಿನವೇ ವಾಟ್ಸಾಪ್‌ನಲ್ಲಾದರೂ ಸರಿ, ಎಷ್ಟು ಪರ್ಸೆಂಟ್ ಅಂತ ಬರೆದುಬಿಡು. ಅಗ್ರಿಮೆಂಟ್ ದಿನ ಕೊಡೋದಾ, ರಿಜಿಸ್ಟ್ರೇಷನ್ ದಿನವಾ, ಅದನ್ನೂ ಬರಿ. ಆತ ತೋರಿಸಿದ ಗಿರಾಕಿ ಆರು ತಿಂಗಳೊಳಗೆ ನಿನಗೇ ನೇರ ಫೋನ್ ಮಾಡಿದರೂ ಕಮಿಷನ್ ಉಂಟು ಅಂತ, ಆತ ಕೇಳದಿದ್ದರೂ, ನೀನೇ ಬರಿ. ಕೊಳ್ಳುವವರಿಂದಲೂ ತೊಗೋತೀರಾ ಅಂತ ಮುಖ ನೋಡಿ ಕೇಳು. ನೀನು ಅಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸೋದಾದರೆ ಅದನ್ನು ಯಾವ ಕಾರಣಕ್ಕೂ ಬ್ರೋಕರ್ ಹೆಸರಿಗೆ ಮಾಡಬೇಡ, ಎಷ್ಟೇ ಒಳ್ಳೆಯವನಿರಲಿ.

ಶನಿವಾರ ಮೈಸೂರಿಗೆ ಹೊರಟಿದ್ದೀನಿ. ಉಳಿದ 1 ಲಕ್ಷ 40 ಸಾವಿರದ ಚೆಕ್ ಬರೆದಿದ್ದೀನಿ, ಕ್ಯಾಲೆಂಡರ್ ಕಾರಿನಲ್ಲೇ ಇದೆ. ನಾಲ್ಕು ಜನರ ಎದುರಿಗೆ ಅಂದ ಮಾತನ್ನು ಹೇಗೆ ವಾಪಸ್ ತೊಗೊಳ್ಳೋದು ಅಂತ ಮಾತ್ರ ಇನ್ನೂ ಗೊತ್ತಾಗ್ತಿಲ್ಲ. ಆ ನಾಲ್ಕು ಜನ ಈಗೆಲ್ಲಿ ಸಿಗ್ತಾರೆ? ಅಮ್ಮನೂ ಬರ್ತೀನಿ ಅಂದಿದ್ದಾರೆ. ಆತನಿಗೆ ಅಂತ ಕೋಡುಬಳೆ ಮಾಡಿ ಡಬ್ಬಿಗೆ ತುಂಬಿದ್ದಾರೆ.

ಇಷ್ಟೆಲ್ಲ ಬರೀಬೇಕು ಅಂತ ಇರಲಿಲ್ಲ. ಸಾಕು. ಡಿಸೆಂಬರ್‌ನಲ್ಲಿ ಬರ್ತೀಯಲ್ಲ, ಮೈಲಾರಿಯಲ್ಲಿ ದೋಸೆ ತಿನ್ನೋಣ, ಎಣಿಸೋದು ನಿನ್ನ ಕೆಲಸ. ಕೊಡೆ ನಮ್ಮ ಬೆಂಗಳೂರು ಮನೆಯ ಬಾಗಿಲ ಹಿಂದೆ ನೇತುಹಾಕಿದ್ದೀನಿ. ಮಗಳು ಬಿಚ್ಚೋಕೆ ಹೋದಳು, ಬೇಡ ಅಂದೆ. ಅದನ್ನು ಬಿಚ್ಚೋ ಅಧಿಕಾರ ಯಾರಿಗಿದೆ ಅಂತ ನಿನಗೆ ಗೊತ್ತು.

ನಿನ್ನ
ಹಿಂದಿನ ಬೆಂಚಿನವನು