ಆಲೂಗೆಡ್ಡೆ ಕೀಳುವ ಮೊದಲು ಒಂದಿಷ್ಟು ಥ್ಯಾಂಕ್ಸ್

ಹೋದ ವಾರ ಡಾಕ್ಟರು ನಮ್ಮವರಿಗೆ "ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು" ಅಂದರು. ನಿಮಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಬೇಕು ಅಂತ ಆಸೆ ಇತ್ತು. ಆದರೆ ಎರಡನೇ ಫೋನಿಗೇ ಗಂಟಲು ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಏಪ್ರಿಲ್‌ನಿಂದ ನಮ್ಮ ಮನೆಯಲ್ಲಿ ಏನೇನಾಯಿತು ಅಂತ ನಿಮಗೆ ಗೊತ್ತು. ಅದನ್ನು ಮತ್ತೆ ಕೆದಕುವುದಿಲ್ಲ. ನಾನು ಹೇಳಬೇಕಿರುವುದು ತೋಟದ ವಿಷಯ. ನಮ್ಮವರು ಮೊದಲನೇ ಆಪರೇಷನ್ ಮುಗಿಸಿ ಕಣ್ಣು ಬಿಟ್ಟಾಗ ಕೇಳಿದ್ದೇ "ಆಲೂಗೆಡ್ಡೆಗೆ ಮಣ್ಣು ಏರಿಸಿದ್ಯಾ?" ಅಂತ. ಮಗಳ ಸುದ್ದಿ ಕೇಳಿದ್ದು ಆಮೇಲೆ. ಅವಳು ಇನ್ನೂ ಅದನ್ನು ಕ್ಷಮಿಸಿಲ್ಲ.

ಊರಿನವರಿಗೆ ಒಂದು ಮಾತು. ನಮ್ಮ ತೋಟ ಇರುವುದು ಅಲಾಟ್‌ಮೆಂಟಿನಲ್ಲಿ, ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ಜಮೀನಿನಲ್ಲಿ. ಹಿತ್ತಲಿಲ್ಲದವರಿಗೂ ಮಣ್ಣು ಸಿಗಲಿ ಅಂತ ಇಂಗ್ಲೆಂಡಿನಲ್ಲಿ ಇದಕ್ಕೆ 1908ರ ಕಾನೂನೇ ಇದೆ. ಇಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಮಗೆ ಸಿಕ್ಕಿದ್ದು ಹಳೇ ಲೆಕ್ಕದ 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ಹಾಸನದಲ್ಲಿ ಆಲೂಗೆಡ್ಡೆ ಬೆಳೆದೇ ನನ್ನನ್ನು ಓದಿಸಿದ ಅಪ್ಪ ಅದನ್ನು ಬಾಯಲ್ಲೇ ಲೆಕ್ಕ ಹಾಕಿ, "ಎರಡೂವರೆ ಗುಂಟೆ. ಅಷ್ಟಕ್ಕೆ ಇಷ್ಟೊಂದು ರಗಳೆನಾ?" ಅಂದಿದ್ದರು.

ಹೌದು ಅಪ್ಪ, ಅಷ್ಟಕ್ಕೇ.

ಮೊದಲು ಎಲ್ಲರಿಗೂ ಒಟ್ಟಿಗೆ. ವಾರಗಟ್ಟಲೆ ಚಪಾತಿ, ಪಲ್ಯ, ತಿಳಿಸಾರು ಬಾಗಿಲಲ್ಲಿಟ್ಟು ಬೆಲ್ ಕೂಡ ಒತ್ತದೆ ಹೋದ ಇಲ್ಲಿನ ಕನ್ನಡದ ಮನೆಗಳಿಗೆ, ಮಗಳನ್ನು ತಮ್ಮ ಮಗಳ ಜೊತೆ ಸ್ಕೂಲಿಗೆ ಬಿಟ್ಟು ಕರೆತಂದ ಗೆಳತಿಗೆ, ಎಲೆಕೋಸಿನ ಮೇಲೆ ಪಾರಿವಾಳ ಕೂರದ ಹಾಗೆ ಬಲೆ ಕಟ್ಟಿಕೊಟ್ಟ ಪೋಲೆಂಡಿನ ಅಣ್ಣನಿಗೆ, ಹುಲ್ಲು ಕತ್ತರಿಸಿಕೊಟ್ಟು ಜೇಬು ತುಂಬ ಮೆಂತ್ಯ ಬೀಜವನ್ನೂ ಕೊಟ್ಟು ಹೋದ ಪಂಜಾಬಿ ಅಂಕಲ್‌ಗೆ ತುಂಬ ಥ್ಯಾಂಕ್ಸ್. ನಿಮ್ಮ ಡಬ್ಬಿಗಳಲ್ಲಿ ಕೆಲವು ಇನ್ನೂ ನನ್ನ ಹತ್ತಿರವೇ ಇವೆ. ಯಾವುದು ಯಾರದು ಅಂತ ಬಂದು ಗುರುತು ಹಿಡಿಯಿರಿ.

ಇನ್ನು ಆಂಟಿ.

ಅವರದು ನಮ್ಮ ಪಕ್ಕದ ಪ್ಲಾಟ್. ಅಲ್ಲಿ ತೋಟ ಮಾಡುವ ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಆಂಟಿ ಅಂತಲೇ ಕರೆಯುವುದು. ಹುಡುಗಿಯಾಗಿದ್ದಾಗ ಜಮೈಕಾದಿಂದ ಬಂದವರು. ಮಂಡಿ ನೋವಿಗೆ ಬಗ್ಗಲು ಆಗಲ್ಲ, ಆದರೂ ಅವರ ಮಡಿಗಳಲ್ಲಿ ಒಂದು ಕಳೆ ಇರಲ್ಲ. ನಾವು ಪರಿಚಯವಾಗಿದ್ದು ದಂಟಿನ ಸೊಪ್ಪಿನಿಂದ. ಮೊದಲ ವರ್ಷ ನಾನು ದಂಟು ಹಾಕಿದ್ದನ್ನು ಬೇಲಿಯಾಚೆಯಿಂದ ನೋಡಿ, "ನನ್ನ ಕಲಾಲು ನಿನಗೆ ಯಾರು ಕೊಟ್ಟರು?" ಅಂತ ಸ್ವಲ್ಪ ಜೋರಾಗಿಯೇ ಕೇಳಿದರು. ಅವರ ಊರಿನಲ್ಲೂ ಅದೇ ಸೊಪ್ಪು ದಿನದ ಊಟ. ಅವರು ಈರುಳ್ಳಿ, ಥೈಮ್ ಸೊಪ್ಪು, ಖಾರದ ಮೆಣಸಿನಕಾಯಿ ಹಾಕಿ ಬಾಡಿಸುತ್ತಾರೆ. ನಾನು ಬಸ್ಸಾರು ಮಾಡುತ್ತೇನೆ.

ದಂಟಿಗೆ ಇಲ್ಲಿ ದೊಡ್ಡ ಶತ್ರು ಸ್ಲಗ್. ಚಿಪ್ಪಿಲ್ಲದ ಬಸವನಹುಳ ಅನ್ನಿ. ಸಂಜೆ ಎರಡು ಬೆರಳೆತ್ತರ ನಿಂತಿದ್ದ ಸಸಿಯ ಸಾಲು ಬೆಳಗ್ಗೆ ಹೊತ್ತಿಗೆ ಬರೀ ಕಡ್ಡಿ. ಅಂಗಡಿಯವರು ತಾಮ್ರದ ಟೇಪು, ಉಣ್ಣೆಯ ಗುಳಿಗೆ ಅಂತ ಏನೇನೋ ಮಾರುತ್ತಾರೆ. ಕೆಲವರು ಮನೆಯಲ್ಲೇ ಮೊಟ್ಟೆಚಿಪ್ಪು ಪುಡಿ ಮಾಡಿ ಸುರಿಯುತ್ತಾರೆ. ಇಲ್ಲಿನ ತೋಟಗಾರಿಕೆ ಸಂಸ್ಥೆಯಾದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು 2018ರಲ್ಲಿ ಇವನ್ನೆಲ್ಲ ಲೆಟಿಸ್ ಮೇಲೆ ಪರೀಕ್ಷೆ ಮಾಡಿ, ಹಾಕಿದ್ದಕ್ಕೂ ಹಾಕದಿದ್ದಕ್ಕೂ ವ್ಯತ್ಯಾಸವೇ ಇಲ್ಲ ಅಂದರು. ಆಂಟಿ ಅದನ್ನು ಮೊದಲೇ ಹೇಳಿದ್ದರು. ಹಳೇ ಕಾಲದ ನೀಲಿ ವಿಷದ ಗುಳಿಗೆ ಹಕ್ಕಿಗಳಿಗೆ, ಹೆಜ್‌ಹಾಗ್ ಅನ್ನುವ ಸಣ್ಣ ಮುಳ್ಳುಪ್ರಾಣಿಗಳಿಗೆ ಅಪಾಯ ಅಂತ 2022ರಿಂದ ನಿಂತೇ ಹೋಗಿದೆ. ಉಳಿದದ್ದು ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದು.

ಜೂನ್‌ನ ಆ ರಾತ್ರಿಗೆ ಬರುತ್ತೇನೆ. ಎರಡನೇ ಆಪರೇಷನ್ ಇದ್ದಕ್ಕಿದ್ದಂತೆ ಬೇಕಾಯಿತು. "ನೀವು ಮನೆಗೆ ಹೋಗಿ, ಮುಗಿದ ಮೇಲೆ ಫೋನ್ ಮಾಡುತ್ತೇವೆ" ಅಂತ ನನ್ನನ್ನು ಕಳಿಸಿದರು. ಮಗಳು ಗೆಳತಿಯ ಮನೆಯಲ್ಲಿದ್ದಳು. ಸುದ್ದಿ ಯಾರು ಮುಟ್ಟಿಸಿದರೋ ಗೊತ್ತಿಲ್ಲ, ಆಂಟಿ ಬಂದರು. ಟೀ ಬೇಡ ಅಂದರು. ನಾನು ಫೋನ್ ಹಿಡಿದುಕೊಂಡು ಅಡುಗೆಮನೆಗೂ ಬಾಗಿಲಿಗೂ ಓಡಾಡುವುದನ್ನು ಸ್ವಲ್ಪ ಹೊತ್ತು ನೋಡಿ, "ಬೂಟು ಹಾಕಿಕೋ, ಮಳೆ ನಿಂತಿದೆ, ಹುಳ ಎದ್ದಿರುತ್ತವೆ" ಅಂದರು. ಆ ಹೊತ್ತಿನಲ್ಲಿ ಬೇರೆ ಯಾರಾದರೂ ಹಾಗೆ ಅಂದಿದ್ದರೆ ಸಿಟ್ಟೇ ಬರುತ್ತಿತ್ತು. ಇವರು ಹೇಳಿದ್ದಕ್ಕೆ ಸುಮ್ನೆ ಬೂಟು ಹಾಕಿಕೊಂಡೆ.

ತೋಟದಲ್ಲಿ ಅವರು ಬಕೆಟ್ ಬೋರಲು ಹಾಕಿ ಕೂತು ಟಾರ್ಚ್ ಹಿಡಿದರು. ನನ್ನ ಕೈಯಲ್ಲಿ ಅಡುಗೆಮನೆಯ ಚಿಮಟ, ಉಪ್ಪುನೀರು ತುಂಬಿದ ಐಸ್‌ಕ್ರೀಂ ಡಬ್ಬಿ. ಎಲೆಯ ಮೇಲೆ ನೋಡಿದರೆ ಏನೂ ಕಾಣಲ್ಲ, ಕಾಂಡದ ಬುಡದಲ್ಲಿ, ಹಲಗೆಯ ಅಡಿಯಲ್ಲಿ ನೋಡಬೇಕು. ಬೆಳಕು ಬಿದ್ದಲ್ಲೆಲ್ಲ ಮಣ್ಣು ಮಿರಮಿರ ಅನ್ನುತ್ತಿತ್ತು. ಚಿರತೆಯಂಥ ಮಚ್ಚೆಯ, ಗೇಣುದ್ದದ ಒಂದನ್ನು ಹಿಡಿಯಲು ಹೋದೆ. "ಅದನ್ನು ಬಿಡು, ಅದು ಕೊಳೆತದ್ದನ್ನು ತಿನ್ನುತ್ತೆ, ಬೇರೆ ಸ್ಲಗ್‌ಗಳನ್ನೂ ತಿನ್ನುತ್ತೆ. ಆ ಸಣ್ಣ ಬೂದು ಬಣ್ಣದ್ದು ನೋಡು, ಕಳ್ಳ ಅವನು" ಅಂದರು. ನಾನು ಹೆಕ್ಕಿದೆ. ಹೆಕ್ಕುತ್ತಲೇ ಹೋದೆ.

ನಡುವೆ ಒಂದು ಸಲ ಅಲ್ಲೇ ಕೆಸರಲ್ಲಿ ಕೂತು ಅತ್ತುಬಿಟ್ಟೆ. ಗಟ್ಟಿಯಾಗಿ. ನಮ್ಮವರು ಉಳಿಯಲ್ಲ ಅಂತ ನನಗೆ ಆಗ ಖಾತ್ರಿಯಾಗಿತ್ತು. ಇವರಿಲ್ಲದ ಮೇಲೆ ಈ ದೇಶದಲ್ಲಿ ನನಗೇನು ಕೆಲಸ, ಯಾರು ತಿನ್ನಲಿ ಅಂತ ಈ ಹಾಳು ಸೊಪ್ಪು ಕಾಯುತ್ತಿದ್ದೇನೆ ಅಂತೆಲ್ಲ ಕನ್ನಡದಲ್ಲೇ ಕೂಗಿದೆ. ದೇವರನ್ನೂ ಬೈದೆ. ಆಂಟಿಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ. ಅವರು ಟಾರ್ಚ್ ಆರಿಸಿದರು. ನನ್ನ ಅಳು ಮುಗಿಯುವವರೆಗೂ ಕತ್ತಲಲ್ಲೇ ಕೂತಿದ್ದರು. ಆಮೇಲೆ ಟಾರ್ಚ್ ಹಾಕಿ, "ಆ ಮೂಲೆಯಲ್ಲಿ ಇನ್ನೂ ಇವೆ" ಅಂದರು.

ಫೋನ್ ಬಂದಾಗ ನಾವಿನ್ನೂ ಅಲ್ಲೇ ಇದ್ದೆವು. ಬೆರಳಿಗೆಲ್ಲ ಲೋಳೆ ಮೆತ್ತಿತ್ತು. ಎಷ್ಟು ಒತ್ತಿದರೂ ಸ್ಕ್ರೀನ್ ಕೇಳಲಿಲ್ಲ. ಆಂಟಿ ಫೋನ್ ಕಸಿದುಕೊಂಡು ಸ್ವೆಟರಿಗೆ ಉಜ್ಜಿ ತಾವೇ ಎತ್ತಿ ನನ್ನ ಕಿವಿಗಿಟ್ಟರು. ಸ್ಲಗ್‌ನ ಲೋಳೆಗೆ ನೀರು ಹಾಕಿದರೆ ಇನ್ನೂ ಜಾಸ್ತಿಯಾಗುತ್ತದೆ, ಒಣ ಬಟ್ಟೆಯಲ್ಲೇ ಉಜ್ಜಬೇಕು. ಅವತ್ತು ಕಲಿತದ್ದು ಅದು. ಫೋನಿನಲ್ಲಿ ಏನು ಹೇಳಿದರು ಅಂತ ನಿಮಗೆ ಗೊತ್ತೇ ಇದೆ.

ಅವರ ಯಜಮಾನರು ತೀರಿಕೊಂಡ ವರ್ಷವೂ ಅವರು ಹೀಗೇ ರಾತ್ರಿ ಬಂದು ಹೆಕ್ಕುತ್ತಿದ್ದರಂತೆ. ಇದನ್ನು ಅವರು ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ, ಬೀನ್ಸ್ ಬಿಡಿಸುತ್ತಾ, ಒಂದೇ ವಾಕ್ಯದಲ್ಲಿ.

ಆ ಬೇಸಿಗೆ ಪೂರ್ತಿ ನಮ್ಮ ಪ್ಲಾಟ್ ಅವರ ಸುಪರ್ದಿಯಲ್ಲೇ ಇತ್ತು. ಬ್ರಾಡ್ ಬೀನ್ಸ್‌ಗೆ ಕಪ್ಪು ಹೇನು ಹತ್ತಿದಾಗ ಕುಡಿ ಚಿವುಟಿ ಎಸೆದರು. ಉಳಿದ ಹೇನನ್ನು ಗುಲಗಂಜಿ ಹುಳದ ಮರಿಗಳಿಗೆ ಬಿಟ್ಟರು. ಎಲೆಕೋಸಿನ ಎಲೆಯಡಿ ಬಿಳಿ ಚಿಟ್ಟೆ ಇಟ್ಟ ಹಳದಿ ಮೊಟ್ಟೆಗಳನ್ನು ನನ್ನ ಮಗಳಿಂದ ಒರೆಸಿಸಿದರು. ಕ್ಯಾರೆಟ್ ಸುತ್ತ ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರುವಷ್ಟು ಬಲೆಯ ಗೋಡೆ ನಿಲ್ಲಿಸಿದರು. ಕ್ಯಾರೆಟ್ ನೊಣ ನೆಲದ ಹತ್ತಿರವೇ ಹಾರುತ್ತದೆ, ಅದಕ್ಕೆ ಅಷ್ಟು ಎತ್ತರ ಸಾಕು. ಆದರೂ ಅಲಾಟ್‌ಮೆಂಟ್ ಸಮಿತಿಯಿಂದ "ಕಳೆ ಬೆಳೆದಿದೆ, ಪ್ಲಾಟ್ ವಾಪಸ್ ಪಡೆಯಬೇಕಾಗುತ್ತದೆ" ಅಂತ ಕಾಗದ ಬಂತು. ಆಂಟಿ ಆ ಕಾಗದ ತೆಗೆದುಕೊಂಡು ಹೋದರು. ಅಲ್ಲಿ ಏನು ಮಾತಾಯಿತೋ, ಎರಡನೇ ಕಾಗದ ಬರಲಿಲ್ಲ.

ಅಪ್ಪನಿಗೂ ಥ್ಯಾಂಕ್ಸ್ ಹೇಳಲೇಬೇಕು, ಹೇಳಿದರೆ ಬೈಯುತ್ತಾರೆ. ಆಗಸ್ಟಿನಲ್ಲಿ ಆಲೂಗೆಡ್ಡೆ ಎಲೆಯ ಮೇಲೆ ಕಂದು ಮಚ್ಚೆ ಬಂತು. ವಿಡಿಯೋ ಕಾಲ್‌ನಲ್ಲಿ ಎಲೆ ತಿರುಗಿಸಿ ತೋರಿಸಿದೆ. ಅಡಿಯಲ್ಲಿ ಬಿಳಿ ಬೂಷ್ಟು. "ಅಂಗಮಾರಿ ಕಣಮ್ಮ" ಅಂದರು, ಮನೆಗೆ ಬಂದ ಹಳೇ ಸಾಲಗಾರನ ಹೆಸರು ಹೇಳಿದ ಹಾಗೆ. ಹಾಸನದ ಬೆಳೆಗಾರರ ನಿದ್ದೆ ಕೆಡಿಸುವ ರೋಗವೂ ಅದೇ, 1845ರಲ್ಲಿ ಐರ್ಲೆಂಡಿನಲ್ಲಿ ಕ್ಷಾಮ ತಂದದ್ದೂ ಅದೇ. ಮ್ಯಾಂಕೋಜೆಬ್ ಔಷಧಿ ಹೊಡಿ ಅಂದರು. ಇಲ್ಲಿ ನಮ್ಮಂಥವರಿಗೆ ಅದು ಸಿಗಲ್ಲ ಅಂದೆ. ಹಾಗಾದರೆ ಗಿಡವನ್ನು ನೆಲದ ಮಟ್ಟಕ್ಕೆ ಕುಯ್ದು ಹಾಕು, ಗೆಡ್ಡೆ ಎರಡು ವಾರ ಮಣ್ಣಲ್ಲೇ ಇರಲಿ, ಸಿಪ್ಪೆ ಗಟ್ಟಿಯಾಗಲಿ ಅಂದರು. ಆಂಟಿ ಪಕ್ಕದಲ್ಲಿ ನಿಂತು ಆಗಲೇ ಕತ್ತಿ ಮಸೆಯುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬರದ ಇಬ್ಬರೂ ಒಂದೇ ಉಪಾಯ ಹೇಳಿದ ಮೇಲೆ ನನ್ನದೇನು ಉಳಿಯಿತು ಅಲ್ವಾ? ಆ ವರ್ಷ ಅರ್ಧ ಮೂಟೆಯಷ್ಟು ಉಳಿಯಿತು.

ಈ ವರ್ಷ ಅಂಗಮಾರಿ ತಡೆಯುವ ಸಾರ್ಪೊ ಮಿರಾ ತಳಿ ಹಾಕಿದ್ದೇವೆ. ಮಣ್ಣು ಏರಿಸಿದ್ದು ನಮ್ಮವರೇ, ನಿಧಾನವಾಗಿ, ಮೂರು ಗಿಡಕ್ಕೊಮ್ಮೆ ಕೂತು. ಅವರು ಕೂತಾಗಲೆಲ್ಲ ಆಂಟಿ ಬೇಲಿಯಾಚೆಯಿಂದ ಕಿಂಡಲ್ ಮಾಡುತ್ತಿದ್ದರು.

ಬರುವ ಭಾನುವಾರ ಗೆಡ್ಡೆ ಕೀಳುತ್ತೇವೆ. ಎಲ್ಲರೂ ಬನ್ನಿ. ದಂಟಿನ ಬಸ್ಸಾರು, ಮುದ್ದೆ ನನ್ನ ಕಡೆಯಿಂದ. ಆಂಟಿಗೂ ಮುದ್ದೆ ಸೇರುತ್ತದೆ, ತುಪ್ಪ ಜಾಸ್ತಿ ಬೇಕು ಅಷ್ಟೇ. ಗೇಟಿನ ಬೀಗದ ನಂಬರ್ ಮೆಸೇಜ್ ಮಾಡುತ್ತೇನೆ, ಒಳಗೆ ಬಂದ ಮೇಲೆ ಮರೆಯದೆ ಮತ್ತೆ ಹಾಕಿ. ಚೀಲ ನೀವೇ ತನ್ನಿ. ಕೋರ್ಜೆಟ್ ಅನ್ನುವ ಎಳೆಗುಂಬಳ ವಿಪರೀತ ಬಿಟ್ಟಿದೆ. ಬಂದವರು ಎರಡಾದರೂ ಒಯ್ಯಲೇಬೇಕು ಅಂತ ಆಂಟಿಯ ಆಜ್ಞೆ ಆಗಿದೆ. ಬೇಡ ಅನ್ನುವವರು ಅವರ ಹತ್ತಿರವೇ ಹೇಳಿಕೊಳ್ಳಿ.